ಕೃತ್ತಿಕೆ ಸುತ್ತ ಕಾಣ್ತಿರೋ ಈ ಕಂದು ಹೊಗೆ ನಿಜವಾದ ಧೂಳಾ, ಇಲ್ಲ ಗ್ರೇಡಿಯೆಂಟಾ? (ಹಳೇ ಡೇಟಾ, ಹೊಸ ಪ್ರೊಸೆಸಿಂಗ್)

ವೇದಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಕಾರ್ತಿಕ ಅಮಾವಾಸ್ಯೆ ಹೊತ್ತಿಗೆ, ಅಂದ್ರೆ ನವೆಂಬರ್ ಕೊನೆ, ಹಿರಿಯೂರಿನ ಆಚೆ ನಮ್ಮ ಚಿಕ್ಕಪ್ಪನ ಹೊಲದಲ್ಲಿ ಕೃತ್ತಿಕೆ ತೆಗೆದಿದ್ದೆ. ಮಾಡಿಫೈ ಮಾಡಿಸದ ಕ್ಯಾನನ್ ಕ್ರಾಪ್ ಬಾಡಿ, 135 ಎಂಎಂ ಲೆನ್ಸ್ ಎಫ್ 2.8ರಲ್ಲಿ, ಸಣ್ಣ ಟ್ರ್ಯಾಕರ್ (ಆಕಾಶ ತಿರುಗೋದಕ್ಕೆ ತಕ್ಕಂತೆ ಕ್ಯಾಮೆರಾ ತಿರುಗಿಸೋ ಯಂತ್ರ), 60 ಸೆಕೆಂಡಿನ ಫ್ರೇಮ್‌ಗಳು, ಒಟ್ಟು ಸುಮಾರು 4 ಗಂಟೆ. ಆಗ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಎಲ್ಲಾ ಫ್ರೇಮ್ ಒಂದರ ಮೇಲೊಂದು ಜೋಡಿಸಿ (ಸ್ಟ್ಯಾಕ್ ಮಾಡಿ) ಕರ್ವ್ಸ್ ಎಳೆದೆ. ನಕ್ಷತ್ರಗಳ ಸುತ್ತ ನೀಲಿ ಬಂತು, ಹಿನ್ನೆಲೆ ಪೂರ್ತಿ ಕಪ್ಪು, ಖುಷಿಯಾಗಿ ಗೋಡೆಗೆ ಹಾಕಿಕೊಂಡೆ.

ಕಳೆದ ವಾರ ಅದೇ ರಾ ಫೈಲ್‌ಗಳನ್ನ ಸಿರಿಲ್‌ಗೆ ಹಾಕಿ ಮೊದಲಿಂದ ಮಾಡಿದೆ. ಗ್ರೇಡಿಯೆಂಟ್ (ಊರ ದೀಪದಿಂದ ಫ್ರೇಮಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನಕ್ಕೆ ಬದಲಾಗೋ ಬೆಳಕು) ತೆಗೆದು, ಸ್ಟಾರ್‌ನೆಟ್‌ನಲ್ಲಿ ನಕ್ಷತ್ರ ಬೇರೆ ಮಾಡಿ, ಉಳಿದ ಹಿನ್ನೆಲೆಯನ್ನ ಮಾತ್ರ ಸ್ಟ್ರೆಚ್ ಮಾಡಿದೆ, ಅಂದ್ರೆ ಮಂಕು ಭಾಗ ಕಾಣೋ ಹಾಗೆ ಬೆಳಗಿಸಿದೆ. ನೀಲಿಯ ಆಚೆ ಫ್ರೇಮ್ ತುಂಬಾ ಕಂದು-ಬೂದು ಬಣ್ಣದ ಹೊಗೆ ತರಹ ಏನೋ ಇದೆ. ಕೆಳಗಡೆ ಎರಡು ಕವಲು ಸ್ಪಷ್ಟವಾಗಿ ಕಾಣುತ್ತೆ, ಮಧ್ಯದಲ್ಲಿ ಅಗಲವಾದ ಒಂದು ಮಂಕು ಬೆಳಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಕ್ಕೆ "ಫೋಟೋಶಾಪ್‌ನಲ್ಲಿ ಬಳಿದಿದ್ದು" ಅಂದುಬಿಟ್ರು. ಬಳಿದಿಲ್ಲ. ಆದ್ರೆ ಇದು ಆಕಾಶದಲ್ಲೇ ಇರೋದು ಅಂತ ಹೇಗೆ ಖಾತ್ರಿ ಮಾಡಿಕೊಳ್ಳೋದು? ಹಳೇದು ಹೊಸದು ಎರಡೂ ಕೆಳಗೆ ಹಾಕಿದ್ದೀನಿ.

ರಾತ್ರಿಪಾಳಿ
ಕಂದು ಬಣ್ಣ ಅಂದ್ರೆ ಊರ ದೀಪ ಗುರು. ಅತಿಯಾಗಿ ಎಳೆದಿದ್ದೀರಿ. ಹಳೇ ಚಿತ್ರನೇ ಚೆನ್ನಾಗಿದೆ.

ಅಂಬಿಕಾ_ಮೂಡುಬಿದಿರೆ
ಇಲ್ಲ ಮಾರಾಯ್ರೆ, ಅಷ್ಟು ಬೇಗ ತಳ್ಳಿ ಹಾಕಬೇಡಿ. ಕೃತ್ತಿಕೆಯ ಸುತ್ತ ಧೂಳು ಇರೋದು ಸತ್ಯ. ಆ ನಕ್ಷತ್ರಗಳು ಹುಟ್ಟಿದಾಗ ಉಳಿದ ಧೂಳಲ್ಲ ಅದು. ಆ ಗುಚ್ಛಕ್ಕೆ ಹತ್ತು ಕೋಟಿ ವರ್ಷದ ಆಸುಪಾಸು ವಯಸ್ಸು, ಹುಟ್ಟಿದ ಮೋಡ ಯಾವತ್ತೋ ಚದುರಿ ಹೋಗಿರುತ್ತೆ. ಈಗ ಕಾಣೋದು ದಾರಿಯಲ್ಲಿ ಎದುರಾದ ಬೇರೆ ಮೋಡ. ನಕ್ಷತ್ರಗಳು ಅದರೊಳಗೆ ಹಾದು ಹೋಗ್ತಾ ಇವೆ, ಹತ್ತಿರದ ಧೂಳು ಅವುಗಳ ಬೆಳಕಿಗೆ ನೀಲಿಯಾಗಿ ಹೊಳೆಯುತ್ತೆ. ದೂರದ ಧೂಳಿಗೆ ಆ ಬೆಳಕು ಅಷ್ಟು ತಲುಪಲ್ಲ, ಅದಕ್ಕೇ ಮಂಕು. ಕವಲು ಎರಡನ್ನೂ ನಾನು ನಂಬ್ತೇನೆ. ಮಧ್ಯದ ಅಗಲ ಬೆಳಕಿನ ಬಗ್ಗೆ ಮಾತ್ರ ಅನುಮಾನ ಉಂಟು.

ಮೇಷ್ಟ್ರು_ಮೈಸೂರು
ಚಿತ್ರ ನೋಡಿ ತುಂಬಾ ಸಂತೋಷ ಆಯಿತು ಮರಿ. ಈ ಧೂಳಿಗೆ ದೊಡ್ಡ ಚರಿತ್ರೆ ಇದೆ. 1859ರಲ್ಲಿ ವೆನಿಸ್ ನಗರದಲ್ಲಿ ವಿಲ್ಹೆಲ್ಮ್ ಟೆಂಪೆಲ್ ಎಂಬಾತ ಸಣ್ಣ ದೂರದರ್ಶಕದಲ್ಲಿ ಕೃತ್ತಿಕೆಯ ಮೆರೋಪೆ ನಕ್ಷತ್ರದ ಪಕ್ಕ ಒಂದು ಮಂಕು ಕಲೆ ನೋಡಿದ. ಆಮೇಲೆ ದಶಕಗಳ ಕಾಲ ದೊಡ್ಡ ದೊಡ್ಡ ವೀಕ್ಷಕರೇ ಅದು ಇದೆ, ಇಲ್ಲ ಅಂತ ಜಗಳ ಆಡಿದರು. ಕೊನೆಗೆ ಛಾಯಾಚಿತ್ರ ಬಂದ ಮೇಲೆ ಜಗಳ ಮುಗಿಯಿತು. 1912ರಲ್ಲಿ ಲೋವೆಲ್ ವೀಕ್ಷಣಾಲಯದ ವೆಸ್ಟೋ ಸ್ಲೈಫರ್ ಆ ಕಲೆಯ ರೋಹಿತ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದರೆ, ಪಕ್ಕದ ನಕ್ಷತ್ರದ ರೋಹಿತವೇ ಬಂತು. ಅಂದರೆ ಅಲ್ಲಿ ಅನಿಲ ತಾನಾಗಿ ಉರಿಯುತ್ತಿಲ್ಲ, ನಕ್ಷತ್ರದ ಬೆಳಕನ್ನೇ ಯಾವುದೋ ಸಣ್ಣ ಕಣಗಳು ಚದುರಿಸುತ್ತಿವೆ. ಪ್ರತಿಫಲನ ನೀಹಾರಿಕೆ ಎಂಬ ತಿಳಿವಳಿಕೆ ಶುರುವಾದದ್ದೇ ನೀನು ಫೋಟೋ ತೆಗೆದ ಜಾಗದಿಂದ. "ಇದೆಯಾ ಇಲ್ಲವಾ" ಎಂಬ ನಿನ್ನ ಪ್ರಶ್ನೆ ಹಳೆಯದು, ಕೇಳಲೇಬೇಕಾದದ್ದು.

ಧಾರವಾಡ_ದುರ್ಬೀನು
ಚರಿತ್ರಾ ಛಲೋ ಅದ. ಈಗ ಕೆಲಸದ ಮಾತು ಕೇಳ್ತೀನ್ರಿ. ಫ್ಲ್ಯಾಟ್, ಅಂದ್ರ ಲೆನ್ಸಿನ ಮೂಲೆ ಕಪ್ಪು, ಸೆನ್ಸರ್ ಕಸ ಸರಿ ಮಾಡಾಕ ಬೇಕಾಗೋ ಸಪಾಟ ಬೆಳಕಿನ ಫೋಟೋ, ತಗದೀರೇನು? ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರ್ಯಾಕ್ಷನ್ (ಗ್ರೇಡಿಯೆಂಟ್ ಕಳಿಯೋದು) ಯಾವ ಡಿಗ್ರಿ ಸೂತ್ರದಾಗ ಮಾಡೀರಿ? ಇಲ್ಲಿ ಬರೇ ಖಾಲಿ ಆಕಾಶ ಅಂತ ಗುರುತು ಮಾಡೋ ಸ್ಯಾಂಪಲ್ ಚುಕ್ಕಿ ಎಲ್ಲೆಲ್ಲಿ ಇಟ್ಟೀರಿ? ಇಷ್ಟು ಹೇಳದ ಹೊರತು ಯಾರೂ ಏನೂ ಹೇಳಾಕ ಬರಂಗಿಲ್ಲ.

ವೇದಾವತಿ_ದಂಡೆ
ಫ್ಲ್ಯಾಟ್ ಇದೆ ಸರ್. ಬೆಳಗಿನ ಜಾವ ಆಕಾಶ ಬಿಳಿ ಆಗ್ತಿದ್ದಾಗ ಲೆನ್ಸ್ ಬಾಯಿಗೆ ಬಿಳಿ ಪಂಚೆ ಎರಡು ಮಡಿಕೆ ಬಿಗಿಯಾಗಿ ಕಟ್ಟಿ ತೆಗೆದಿದ್ದು, ಫೋಕಸ್ ಮುಟ್ಟದೆ. ಎಕ್ಸ್‌ಟ್ರ್ಯಾಕ್ಷನ್ ಮೊದಲು 4ನೇ ಡಿಗ್ರಿ ಪಾಲಿನಾಮಿಯಲ್, ಸ್ಯಾಂಪಲ್ ಸಾಫ್ಟ್‌ವೇರ್ ತಾನಾಗೇ ಇಟ್ಟುಕೊಂಡಿದ್ದು. ಆಗ ಹಿನ್ನೆಲೆ ಸಪಾಟಾಗಿ ಕಪ್ಪಾಯ್ತು, ಏನೂ ಉಳಿಯಲಿಲ್ಲ. 1ನೇ ಡಿಗ್ರಿಗೆ ಇಳಿಸಿ, ಸ್ಯಾಂಪಲ್ ಕೈಯಲ್ಲಿ ನಾಲ್ಕೈದು ಕಡೆ ಇಟ್ಟ ಮೇಲೆ ಈ ಹೊಗೆ ಬಂತು.

ಧಾರವಾಡ_ದುರ್ಬೀನು
ಹಂಗಾರ ಅರ್ಧ ಉತ್ತರ ನಿಮ್ಮ ಕೈಯಾಗ ಅದ. 4ನೇ ಡಿಗ್ರಿ ಅಂದ್ರ ಏನ್ರಿ, ಫ್ರೇಮ್ ಒಳಗಿನ ದೊಡ್ಡ ದೊಡ್ಡ ಏರಿಳಿತ ಎಲ್ಲಾ ಗ್ರೇಡಿಯೆಂಟ್ ಅಂತ ತಿಳ್ಕೊಂಡು ಕಳದ ಬಿಡ್ತದ. 135 ಎಂಎಂ ಒಳಗ ನಿಮ್ಮ ಫ್ರೇಮ್ ಆಕಾಶದಾಗ 9 ಡಿಗ್ರಿ ಕೋನದಷ್ಟು ಅಗಲ. ಧೂಳಿನ ಕವಲು ಒಂದೆರಡು ಡಿಗ್ರಿ ಉದ್ದ. ಸಾಫ್ಟ್‌ವೇರಿಗೆ ಧೂಳಿಗೂ ಊರ ದೀಪಕ್ಕೂ ಫರಕ್ ಗೊತ್ತಾಗಂಗಿಲ್ಲ, ಎರಡೂ ನಿಧಾನಕ್ಕ ಬದಲಾಗೋ ಬೆಳಕು. ಸಾಫ್ಟ್‌ವೇರ್ ತಾನ ಇಟ್ಟ ಸ್ಯಾಂಪಲ್ ಹೋಗಿ ಧೂಳಿನ ಮ್ಯಾಲೇ ಕೂತಿರ್ತಾವ. ಕಲ್ಲು ಆರಿಸಾಕ ಹೋಗಿ ಅಕ್ಕಿನೂ ಚೆಲ್ಲಿದಂಗ ಆಗ್ತದ.

1ನೇ ಡಿಗ್ರಿ ಒಂದ ಇಳಿಜಾರು ಅಷ್ಟ ತಗೀತದ, ಧೂಳು ಉಳೀತದ. ಆದ್ರ ಊರ ಬೆಳಕು ಒಂದ ಇಳಿಜಾರಿನಾಗ ಇರದಿದ್ರ ಅದೂ ಉಳೀತದ. ನಾ ಮಾಡೋದು ಹಿಂಗ: ಒಂದೊಂದು ಫ್ರೇಮಿಗೂ ಸ್ಟ್ಯಾಕ್ ಮಾಡೋಕಿಂತ ಮೊದಲ 1ನೇ ಡಿಗ್ರಿ ತಗದ ಬಿಡೋದು. ರಾತ್ರಿ ಹೊಂಟಂಗ ಗ್ರೇಡಿಯೆಂಟಿನ ದಿಕ್ಕು ತಿರಗತದ, ಎಲ್ಲಾ ಸೇರಿಸಿ ಸ್ಟ್ಯಾಕ್ ಮಾಡಿದ ಮ್ಯಾಲೆ ಅದು ಸಂಕೀರ್ಣ ಆಕಾರ ತಗೊಂಡಿರ್ತದ. ಒಂದ ಫ್ರೇಮಿನಾಗ ಅದು ಇನ್ನೂ ಸಾದಾ ಇರ್ತದ.

ರಾತ್ರಿಪಾಳಿ
ಅಂದ್ರೆ ನಾಲ್ಕು ಅಂದ್ರೆ ಧೂಳಿಲ್ಲ, ಒಂದು ಅಂದ್ರೆ ಧೂಳಿದೆ. ಸ್ಯಾಂಪಲ್ ಎಲ್ಲಿ ಇಟ್ರೆ ಅಲ್ಲಿ ಕಪ್ಪು. ಆಮೇಲೆ ಅದನ್ನ ಫೋಟೋ ಅನ್ನೋದು! ನಾನು ಸಿಟ್ಟಿಂದ ಹೇಳ್ತಿಲ್ಲ, ಆದ್ರೆ ಇದರಲ್ಲಿ ಪ್ರೊಸೆಸ್ ಮಾಡೋನ ಇಷ್ಟವೇ ಜಾಸ್ತಿ ಇದೆ. ನೋಡೋರಿಗೆ ಅದನ್ನ ಹೇಳಬೇಕು.

ಅಂಬಿಕಾ_ಮೂಡುಬಿದಿರೆ
ಹೇಳಬೇಕು ಅನ್ನೋದು ಸರಿ. ಆದ್ರೆ ಕಪ್ಪು ಹಿನ್ನೆಲೆ ಕೂಡ ಪ್ರೊಸೆಸ್ ಮಾಡಿದವರ ಇಷ್ಟವೇ ಅಲ್ವಾ? ಹಳೇ ಚಿತ್ರದಲ್ಲಿ ಬ್ಲ್ಯಾಕ್ ಪಾಯಿಂಟ್ ಎಳೆದು ಧೂಳನ್ನ ಕತ್ತರಿಸಿ ಹಾಕಿದ್ದು. ಅದಕ್ಕೆ ಯಾರೂ ಸುಳ್ಳು ಅನ್ನಲಿಲ್ಲ.

ರಾತ್ರಿಪಾಳಿ
ಅದು ಪಾಯಿಂಟೇ ಅಕ್ಕ. ಒಪ್ಪಿದೆ. ಆದ್ರೂ ನನಗೆ ಪುರಾವೆ ಬೇಕು.

ಕಾಜಾಣ_ಶಿರಸಿ
ನಡುವೆ ಒಂದು ಪ್ರಶ್ನೆ. ನಾನು ಡ್ಯುಯಲ್ ಬ್ಯಾಂಡ್ ಫಿಲ್ಟರ್ ತಗೊಂಡಿದ್ದೇನೆ, ಊರ ಬೆಳಕು ತಡೀತದೆ ಅಂತ. ಅದನ್ನ ಹಾಕಿದ್ರೆ ಧೂಳು ಚೆನ್ನಾಗಿ ಬರ್ತದಾ?

ಧಾರವಾಡ_ದುರ್ಬೀನು
ಬರಂಗಿಲ್ಲ, ಇದ್ದದ್ದೂ ಹೋಗ್ತದ. ಆ ಫಿಲ್ಟರ್ ಹೈಡ್ರೋಜನ್ನಿನ 656 ನ್ಯಾನೊಮೀಟರ್ ಕೆಂಪು, ಆಮ್ಲಜನಕದ 501ರ ಹಸಿರು-ನೀಲಿ, ಈ ಎರಡು ಸಣ್ಣ ಕಿಂಡಿ ಅಷ್ಟ ಬಿಡ್ತದ. ಉರಿಯೋ ಅನಿಲಕ್ಕ ಅದು ಭಾರಿ ಛಲೋ. ಧೂಳು ಚದುರಿಸೋದು ನಕ್ಷತ್ರದ ಎಲ್ಲಾ ಬಣ್ಣದ ಬೆಳಕು. ಕಿಂಡಿ ಸಣ್ಣದು ಮಾಡಿದ್ರ ಧೂಳಿನ ಬೆಳಕು ಹೊರಗ ಉಳೀತದ. ಧೂಳಿಗೆ ಫಿಲ್ಟರ್ ಅಂದ್ರ ಪೆಟ್ರೋಲ್ ಒಂದ ನೋಡ್ರಿ, ಗಾಡಿ ತಗೊಂಡು ಕತ್ತಲಿ ಇದ್ದಲ್ಲೆ ಹೋಗಬೇಕು.

ಇದರಾಗ ಒಂದು ಒಳ್ಳೆ ಸುದ್ದಿನೂ ಅದ. ಕುದುರೆತಲೆ ನೀಹಾರಿಕೆ ಹಿಂದಿನ ಕೆಂಪು ಬೇಕಾದ್ರ ಕ್ಯಾಮೆರಾ ಮಾಡಿಫೈ ಮಾಡಿಸಬೇಕು, ಕಂಪನಿ ಫಿಲ್ಟರ್ ಆ ಕೆಂಪಿನ ಬಹುಪಾಲು ತಡೀತದ. ಪ್ರತಿಫಲನದ ಧೂಳಿಗೆ ಅದು ಏನೂ ಬ್ಯಾಡ. ಮದುವಿ ಫೋಟೋ ತಗಿಯೋ ಕ್ಯಾಮೆರಾನೇ ಸಾಕು.

ಫ್ಲಾಗ್‌ಸ್ಟಾಫ್_ಕನ್ನಡಿಗ
ಮೇಷ್ಟ್ರು ಲೋವೆಲ್ ವೀಕ್ಷಣಾಲಯದ ಹೆಸರು ಹೇಳಿದ್ದಕ್ಕೆ ಬರೀತಿದ್ದೀನಿ, ನಾನಿರೋದು ಅದೇ ಊರಲ್ಲಿ. 2001ರಲ್ಲಿ ಪ್ರಪಂಚದ ಮೊದಲ ಅಂತಾರಾಷ್ಟ್ರೀಯ ಕತ್ತಲಾಕಾಶದ ನಗರ ಅಂತ ಗುರುತಿಸಿದ್ದು ಇದನ್ನೇ. ಬೀದಿದೀಪ ಎಲ್ಲಾ ಮುಚ್ಚಿಗೆ ಹಾಕಿ ನೆಲದ ಕಡೆ ತಿರುಗಿಸಿರ್ತಾರೆ, ಊರೊಳಗಿಂದ್ಲೇ ಆಕಾಶಗಂಗೆ ಕಾಣುತ್ತೆ.

ವೇದಾವತಿ ಅವರೇ, ನಿಮ್ಮ ಹತ್ರ ಇರೋ ಡೇಟಾದಲ್ಲೇ ಒಂದು ಪರೀಕ್ಷೆ ಮಾಡಬಹುದು. ಫ್ರೇಮ್‌ಗಳನ್ನ ಎರಡು ಪಾಲು ಮಾಡಿ: ಕೃತ್ತಿಕೆ ನೆತ್ತಿಗೆ ಬರೋಕೆ ಮುಂಚಿನವು, ನೆತ್ತಿ ದಾಟಿದ ಮೇಲಿನವು. ನವೆಂಬರ್ ಕೊನೆಯಲ್ಲಿ ಅದು ನೆತ್ತಿ ಹತ್ರ ಬರೋದು ಮಧ್ಯರಾತ್ರಿ ಆಸುಪಾಸು, ಹಾಗಾಗಿ ನಿಮ್ಮ ಡೇಟಾ ಎರಡೂ ಕಡೆ ಇರಬೇಕು. ಎರಡನ್ನೂ ಬೇರೆ ಬೇರೆ ಸ್ಟ್ಯಾಕ್ ಮಾಡಿ, ಒಂದೇ ಸೆಟ್ಟಿಂಗ್‌ನಲ್ಲಿ ಸ್ಟ್ರೆಚ್ ಮಾಡಿ. ಊರ ಬೆಳಕು ದಿಗಂತಕ್ಕೆ ಅಂಟಿಕೊಂಡಿರುತ್ತೆ, ಮೊದಲ ಪಾಲಿನಲ್ಲಿ ಫ್ರೇಮಿನ ಒಂದು ಅಂಚು ದಿಗಂತದ ಕಡೆ, ಎರಡನೆಯದರಲ್ಲಿ ಎದುರಿನ ಅಂಚು. ಧೂಳು ನಕ್ಷತ್ರಗಳ ಜೊತೆಗೇ ಇರುತ್ತೆ. ಎರಡರಲ್ಲೂ ಒಂದೇ ಜಾಗದಲ್ಲಿ ಇದ್ದದ್ದು ಆಕಾಶದ್ದು, ಜಾಗ ಬದಲಿಸಿದ್ದು ನೆಲದ್ದು.

ಧಾರವಾಡ_ದುರ್ಬೀನು
ಪರೀಕ್ಷೆ ಚೊಕ್ಕ ಅದ, ಆದ್ರ ಲೆನ್ಸಿನ ದೋಷ ಇದರಾಗ ಸಿಗಂಗಿಲ್ಲ. ಫ್ಲ್ಯಾಟ್ ಸರಿಯಾಗಿ ಕೂಡದಿದ್ರ ಮೂಲೆ ಕಪ್ಪು, ನಡುವ ಬೆಳಕು ಉಳೀತದ. ಅದು ಎರಡೂ ಪಾಲಿನಾಗ ಒಂದ ಜಾಗದಾಗ ಕಾಣ್ತದ, ಯಾಕಂದ್ರ ಕ್ಯಾಮೆರಾ ತಿರುಗಿಸಿಲ್ಲ. ನಡುವಿನ ಅಗಲ ಬೆಳಕಿಗೆ ನನಗ ಅನುಮಾನ ಇರೋದು ಅಲ್ಲೇ. ಸೆನ್ಸರ್ ಮ್ಯಾಲಿನ ಕಸನೂ ಹಂಗ, ದುಂಡು ಕಪ್ಪು ಉಂಗುರ ಆಗಿ ಕೂಡ್ತದ, ಸ್ಟ್ರೆಚ್ ಮಾಡಿದ್ರ ಕರಿ ನೀಹಾರಿಕೆ ಅಂತ ಮೋಸ ಹೋಗ್ತೀವಿ. ಮುಂದಿನ ಸಲ ಅರ್ಧ ಫ್ರೇಮ್ ಆದ ಮ್ಯಾಲೆ ಕ್ಯಾಮೆರಾ 90 ಡಿಗ್ರಿ ತಿರುಗಿಸ್ರಿ.

ಅಂಬಿಕಾ_ಮೂಡುಬಿದಿರೆ
ಇನ್ನೊಂದು ಸುಲಭದ ದಾರಿ ಉಂಟು. ಅಲಾದಿನ್ ಲೈಟ್ ಅಂತ ಬ್ರೌಸರಿನಲ್ಲೇ ತೆರೆಯುವ ಆಕಾಶದ ನಕ್ಷೆ, ಪುಕ್ಕಟೆ. ಕೃತ್ತಿಕೆಗೆ ಹೋಗಿ, ಸರ್ವೆ ಪಟ್ಟಿಯಲ್ಲಿ ಐರಾಸ್ ಆಯ್ಕೆ ಮಾಡಿ. 1983ರಲ್ಲಿ ಹಾರಿಸಿದ ಇನ್‌ಫ್ರಾರೆಡ್ ಉಪಗ್ರಹದ್ದು. ಬೆಳಕು ಹೀರಿದ ಧೂಳು ಬೆಚ್ಚಗಾಗಿ ದೂರದ ಇನ್‌ಫ್ರಾರೆಡ್‌ನಲ್ಲಿ ಹೊಳೆಯುತ್ತೆ, ಅದು 60, 100 ಮೈಕ್ರಾನ್‌ನಲ್ಲಿ ಅದನ್ನ ಹಿಡಿದಿದೆ. ನಮ್ಮ ಊರ ದೀಪ, ಲೆನ್ಸಿನ ಮೂಲೆ, ಯಾವುದೂ ಆ ನಕ್ಷೆಯೊಳಗೆ ಬರಲಿಕ್ಕೆ ಸಾಧ್ಯ ಇಲ್ಲ. ಅದರ ಮೇಲೆ ನಿಮ್ಮ ಚಿತ್ರ ಇಟ್ಟು ನೋಡಿ, ಕವಲು ಕೂಡಿದ್ರೆ ಮುಗೀತು.

ನಾನು ಈಗ ಹಾಗೇ ಇಟ್ಟು ನೋಡಿದೆ. ಕೆಳಗಿನ ಎರಡು ಕವಲಿನಲ್ಲಿ ದಪ್ಪದ್ದು ಸರಿಯಾಗಿ ಕೂಡ್ತದೆ. ಸಣ್ಣದು ಅಲ್ಲಿಯೂ ತೆಳ್ಳಗೆ ಉಂಟು.

ರಾತ್ರಿಪಾಳಿ
ಇದು ಪುರಾವೆ ಅಂದ್ರೆ. ದಪ್ಪ ಕವಲಿಗೆ ನನ್ನ ಓಟು.

ಸೊನ್ನೆ_ಬಜೆಟ್
ನಾನು ಹುಬ್ಬಳ್ಳಿ, ಡಿಗ್ರಿ ಓದ್ತಿದ್ದೀನಿ. ಕ್ಯಾಮೆರಾ ಇಲ್ಲ, ಟ್ರ್ಯಾಕರ್ ಅಂತೂ ದೂರದ ಮಾತು. ಹಳೇ ಲ್ಯಾಪ್‌ಟಾಪ್ ಇದೆ. ಬೇರೆಯವರ ಡೇಟಾ ಪ್ರೊಸೆಸ್ ಮಾಡಿ ಕಲಿಯೋಕೆ ಆಗುತ್ತಾ? ಅದು ಕದ್ದ ಹಾಗೆ ಆಗಲ್ವಾ?

ಮೇಷ್ಟ್ರು_ಮೈಸೂರು
ಕದ್ದ ಹಾಗೆ ಹೇಗಾಗುತ್ತೆ ಮಗು? ದತ್ತಾಂಶ ಕೊಟ್ಟವರ ಹೆಸರು ಹಾಕಿದರೆ ಆಯಿತು. ವಿಜ್ಞಾನದಲ್ಲಿ ಇದು ನಿತ್ಯದ ಕೆಲಸ. ಅಂಬಿಕಾ ಹೇಳಿದ ಐರಾಸ್ ನಕ್ಷೆಯನ್ನೇ ತೆಗೆದುಕೋ. ಉಪಗ್ರಹ ಕೆಲಸ ಮಾಡಿದ್ದು 1983ರಲ್ಲಿ ಹತ್ತು ತಿಂಗಳು. 1998ರಲ್ಲಿ ಶ್ಲೆಗೆಲ್, ಫಿಂಕ್‌ಬೈನರ್, ಡೇವಿಸ್ ಎಂಬ ಮೂವರು ಅದೇ ದತ್ತಾಂಶವನ್ನು ಕೋಬ್ ಉಪಗ್ರಹದ ಅಳತೆಗೆ ಹೊಂದಿಸಿ, ನಮ್ಮ ಸೌರಮಂಡಲದ ಧೂಳಿನ ಬೆಳಕನ್ನು ಕಳೆದು, ಪಟ್ಟೆ ಪಟ್ಟೆಯಾಗಿದ್ದ ದೋಷಗಳನ್ನು ತೆಗೆದು ಹೊಸ ಧೂಳಿನ ನಕ್ಷೆ ಮಾಡಿದರು. ಖಗೋಳ ವಿಜ್ಞಾನದಲ್ಲಿ ಅತಿ ಹೆಚ್ಚು ಬಳಕೆಯಾದ ಲೇಖನಗಳಲ್ಲಿ ಅದೂ ಒಂದು. 2005ರಲ್ಲಿ ಇನ್ನೊಂದು ತಂಡ ಮತ್ತೆ ಸಂಸ್ಕರಿಸಿತು. ಹಬಲ್, ಜೇಮ್ಸ್ ವೆಬ್ ದೂರದರ್ಶಕಗಳ ಮೂಲ ದತ್ತಾಂಶವೂ ಮಾಸ್ಟ್ ಎಂಬ ಸಂಗ್ರಹದಲ್ಲಿ ಎಲ್ಲರಿಗೂ ಸಿಗುತ್ತದೆ. ಧೈರ್ಯವಾಗಿ ಶುರು ಮಾಡು.

ವೇದಾವತಿ_ದಂಡೆ
ತಮ್ಮಾ, ನನ್ನ ಡೇಟಾನೇ ತಗೋ. ಲೈಟ್ಸ್ (ಆಕಾಶದ ಫ್ರೇಮ್‌ಗಳು), ಕ್ಯಾಮೆರಾ-ಲೆನ್ಸ್ ದೋಷ ಕಳೆಯೋಕೆ ತೆಗೆದ ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸ್, ನಾಲ್ಕೂ ಫೋಲ್ಡರ್ ಇವತ್ತು ರಾತ್ರಿ ಡ್ರೈವ್‌ಗೆ ಏರಿಸ್ತೀನಿ. ಲ್ಯಾಪ್‌ಟಾಪ್ ಹಳೇದಾದ್ರೆ ಸ್ಟ್ಯಾಕ್ ಆಗಿರೋ ಒಂದೇ ಫೈಲ್ ಕೂಡ ಹಾಕ್ತೀನಿ, 32 ಬಿಟ್, ಸ್ಟ್ರೆಚ್ ಮಾಡದ್ದು. ಬೇರೆಯವರೂ ಮಾಡಿ. ನನ್ನ ಚಿತ್ರ ನೋಡದೆ ಮಾಡಿದ್ರೆ ಇನ್ನೂ ಒಳ್ಳೇದು.

ಕಾಜಾಣ_ಶಿರಸಿ
ಬೇಜಾರಿನ ಸಂಗತಿ ಅಂದ್ರೆ ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಆಕಾಶವೇ ಕಾಣೂದಿಲ್ಲ. ಮಳೆ ಬಿಟ್ಟ ಮೇಲೆ ಇಬ್ಬನಿ. ರಾತ್ರಿ ಹನ್ನೊಂದಾಗೂದ್ರೊಳಗೆ ಲೆನ್ಸ್ ಮೇಲೆ ನೀರು ಕೂತಿರ್ತದೆ. ಯುಎಸ್‌ಬಿ ಹೀಟರ್ ಪಟ್ಟಿ ಲೆನ್ಸಿಗೆ ಸುತ್ತಿ ಪವರ್‌ಬ್ಯಾಂಕ್‌ಗೆ ಹಾಕದೇ ಕೆಲಸ ಆಗೂದೇ ಇಲ್ಲ. ಬಯಲುಸೀಮೆಯವರು ಪುಣ್ಯವಂತರು.

ವೇದಾವತಿ_ದಂಡೆ
ಇಬ್ಬನಿ ಕಮ್ಮಿ ನಿಜ ಅಣ್ಣ. ಆದ್ರೆ ಚಿತ್ರದುರ್ಗದ ಕಡೆ ಗುಡ್ಡಗುಡ್ಡಕ್ಕೂ ಗಾಳಿಯಂತ್ರ, ರಾತ್ರಿಯಿಡೀ ಕೆಂಪು ದೀಪ ಮಿಣುಕುತ್ತೆ. ಇನ್ನೊಂದು ತೊಂದರೆ ಧ್ರುವ ನಕ್ಷತ್ರ. ನಮಗೆ ಅದು ದಿಗಂತದಿಂದ ಬರೀ 13-14 ಡಿಗ್ರಿ ಮೇಲೆ. ತೆಂಗಿನ ಮರ ಅಡ್ಡ, ಇಲ್ಲ ದಿಗಂತದ ಮಬ್ಬು. ಟ್ರ್ಯಾಕರ್ ಅಕ್ಷವನ್ನ ಧ್ರುವದ ಕಡೆ ಹೊಂದಿಸೋ ಪೋಲಾರ್ ಅಲೈನ್‌ಮೆಂಟ್‌ಗೇ ಅರ್ಧ ರಾತ್ರಿ ಹೋಗುತ್ತೆ.

ಫ್ಲಾಗ್‌ಸ್ಟಾಫ್_ಕನ್ನಡಿಗ
ನೀನಾ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಮೂರು ಬಿಂದುವಿನ ಪೋಲಾರ್ ಅಲೈನ್‌ಮೆಂಟ್ ಇದೆ. ಆಕಾಶದ ಯಾವ ಭಾಗ ತೆರೆದಿದ್ಯೋ ಅಲ್ಲಿ ಮೂರು ಫೋಟೋ ತೆಗೆದು ಪ್ಲೇಟ್ ಸಾಲ್ವ್ ಮಾಡಿ (ನಕ್ಷತ್ರಗಳನ್ನ ನೋಡಿ ಆಕಾಶದ ಜಾಗ ಗುರುತಿಸಿ), ಎಷ್ಟು ತಪ್ಪಿದೆ ಅಂತ ಹೇಳುತ್ತೆ. ಧ್ರುವ ನಕ್ಷತ್ರ ಕಾಣಲೇಬೇಕು ಅಂತಿಲ್ಲ.

ರಾತ್ರಿಪಾಳಿ
ಬೆಂಗಳೂರಿನ ಟೆರೇಸ್‌ನಿಂದ ಸುಮ್ನೆ ಗಂಟೆಗಟ್ಟಲೆ ತೆಗೀತಾ ಹೋದ್ರೆ ಈ ಧೂಳು ಬರಲ್ವಾ? ಕಾರು ಇಲ್ಲದವರು ಏನು ಮಾಡಬೇಕು?

ಧಾರವಾಡ_ದುರ್ಬೀನು
ಲೆಕ್ಕಾ ಹಾಕೋಣ್ರಿ. ಛಲೋ ಕತ್ತಲಿ ಇದ್ದಲ್ಲೆ ಆಕಾಶ ಒಂದು ಚದರ ಆರ್ಕ್‌ಸೆಕೆಂಡಿಗೆ ಸುಮಾರು 21.5 ಮ್ಯಾಗ್ನಿಟ್ಯೂಡ್ (ಅಂಕಿ ದೊಡ್ಡದಾದಷ್ಟು ಮಂಕು), ದೊಡ್ಡ ಊರಿನ ನಡುವ 18.5 ಹಿಡೀರಿ. 3 ಮ್ಯಾಗ್ನಿಟ್ಯೂಡ್ ಅಂದ್ರ 16 ಪಟ್ಟು ಬೆಳಕು. ಧೂಳಿನ ಫೋಟೋ ಒಳಗ ಗದ್ದಲ (ನಾಯ್ಸ್) ಬರೋದು ಮುಖ್ಯವಾಗಿ ಆಕಾಶದ ಬೆಳಕಿನಿಂದ, ಹಿಂಗಾಗಿ ಅಷ್ಟ ಸ್ವಚ್ಛ ಚಿತ್ರ ಬೇಕಂದ್ರ 16 ಪಟ್ಟು ಹೊತ್ತು ಬೇಕು. ವೇದಾವತಿಯವರ 4 ಗಂಟೆಗೆ ನಿಮಗ 64 ಗಂಟೆ. ಅದೂ ಗ್ರೇಡಿಯೆಂಟ್ ಪೂರಾ ತಗದ್ರ, ಅದು ಊರಾಗ ಆಗೋ ಮಾತಲ್ಲ.

ಸಪ್ತರ್ಷಿ ಮಂಡಲದ ಕಡೆ ಎಂ81 ಗೆಲಾಕ್ಸಿ ಮುಂದ ಹರಡಿದ ಧೂಳು ಇದಕ್ಕಿಂತ ಕಠಿಣ. ಅದಕ್ಕ ಹತ್ತಿರದಾಗ ಯಾವ ನಕ್ಷತ್ರನೂ ದೀಪ ಹಿಡಿದಿಲ್ಲ, ಇಡೀ ಆಕಾಶಗಂಗೆಯ ಒಟ್ಟು ಬೆಳಕಿನಿಂದ ಹೊಳೀತದ. 1976ರಾಗ ಅಲನ್ ಸ್ಯಾಂಡೇಜ್ ಅದರ ಬಗ್ಗೆ ಬರದಾರ. 26ರ ಆಚೆ ಇರ್ತದ ಅದು, ಅಂದ್ರ 22ರ ಕಗ್ಗತ್ತಲ ಆಕಾಶಕ್ಕಿಂತನೂ ಸುಮಾರು 40 ಪಟ್ಟು ಮಂಕು.

ರಾತ್ರಿಪಾಳಿ
64 ಗಂಟೆ ಕೇಳಿ ಬಾಯಿ ಮುಚ್ಕೊಂಡೆ. ಮುಂದಿನ ಅಮಾವಾಸ್ಯೆಗೆ ಯಾರಾದ್ರೂ ಹೋಗೋದಾದ್ರೆ ಪೆಟ್ರೋಲ್ ಪಾಲು ಕೊಡ್ತೀನಿ, ಕರ್ಕೊಂಡು ಹೋಗಿ.

ವೇದಾವತಿ_ದಂಡೆ
ಪರೀಕ್ಷೆ ಮಾಡಿದೆ. ಎರಡು ಪಾಲು, ಎರಡು ಚಿತ್ರ, ಕೆಳಗೆ ಇವೆ. ಮೇಲಿನ ಎಡಮೂಲೆಯ ಕಿತ್ತಳೆ ಬಣ್ಣ ಮೊದಲ ಪಾಲಿನಲ್ಲಿ ಇದೆ, ಎರಡನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಅದು ಬಲಕ್ಕೆ ಬಂದಿದೆ. ಅಂದ್ರೆ ಅದು ಊರ ಬೆಳಕು, ತೆಗೆದು ಹಾಕಿದೆ. ಎರಡು ಕವಲು ಎರಡರಲ್ಲೂ ಅಲ್ಲಲ್ಲೇ ಇವೆ. ಮಧ್ಯದ ಅಗಲ ಬೆಳಕು ಕೂಡ ಎರಡರಲ್ಲೂ ಇದೆ! ಐರಾಸ್‌ನಲ್ಲಿ ಮಾತ್ರ ಆ ಆಕಾರ ಇಲ್ಲ. ಫ್ಲ್ಯಾಟ್ ಮತ್ತೆ ಪರೀಕ್ಷೆ ಮಾಡಿದೆ, ಅದೇ ಲೆನ್ಸಿನಿಂದ ಅದೇ ರಾತ್ರಿ ಬೇರೆ ಕಡೆ ತಿರುಗಿಸಿ ತೆಗೆದ ಫ್ರೇಮ್‌ಗಳಲ್ಲಿ ಮಧ್ಯ ಸಪಾಟಾಗಿದೆ. ಹಾಗಾದ್ರೆ ಇದೇನು?

ಮೇಷ್ಟ್ರು_ಮೈಸೂರು
ನವೆಂಬರ್ ಕೊನೆ ಅಂದೆಯಲ್ಲ. ಆ ಹೊತ್ತಿನಲ್ಲಿ ಸೂರ್ಯ ವೃಶ್ಚಿಕದ ಕಡೆ ಇರುತ್ತಾನೆ, ಅವನಿಗೆ ನೇರ ಎದುರಿನ ಬಿಂದು ವೃಷಭದಲ್ಲಿ. ಕೃತ್ತಿಕೆ ಕ್ರಾಂತಿವೃತ್ತದಿಂದ (ಆಕಾಶದಲ್ಲಿ ಸೂರ್ಯ ಸಾಗುವ ಹಾದಿ) 4 ಡಿಗ್ರಿ ಆಚೆ ಅಷ್ಟೇ. ಅಂದರೆ ನೀನು ಫೋಟೋ ತೆಗೆದ ರಾತ್ರಿ ಸೂರ್ಯನ ಎದುರು ಬಿಂದು ನಿನ್ನ ಫ್ರೇಮಿನ ಒಳಗೋ ಅಂಚಿಗೋ ಇತ್ತು. ಅಲ್ಲಿ ಗೆಗೆನ್‌ಶೈನ್ ಎಂಬ ಮಂಕು ಬೆಳಕು ಕಾಣುತ್ತದೆ. ಗ್ರಹಗಳ ನಡುವೆ ಹರಡಿರುವ ಧೂಳಿನ ಕಣಗಳು ಸೂರ್ಯನ ಬೆಳಕನ್ನು ನೇರ ಹಿಂದಕ್ಕೆ ಚದುರಿಸುವುದರಿಂದ ಬರುವ ಬೆಳಕು ಅದು, ಹತ್ತು ಡಿಗ್ರಿಗೂ ಅಗಲ.

ಹಾಗಾದರೆ ನಿನ್ನ ಒಂದೇ ಚಿತ್ರದಲ್ಲಿ ಎರಡು ಧೂಳು ಇದೆ ಮರಿ. ಕವಲುಗಳು ಸುಮಾರು 440 ಜ್ಯೋತಿರ್ವರ್ಷ ಆಚೆಯವು. ಅಗಲ ಬೆಳಕು ನಮ್ಮ ಸೌರಮಂಡಲದ ಒಳಗಿನದು. ಶ್ಲೆಗೆಲ್ ತಂಡದವರು 1998ರಲ್ಲಿ ಕಷ್ಟಪಟ್ಟು ಕಳೆದದ್ದು ಇದೇ ಬಗೆಯ ಧೂಳನ್ನು.

ಫ್ಲಾಗ್‌ಸ್ಟಾಫ್_ಕನ್ನಡಿಗ
ಮೇಷ್ಟ್ರೇ, ಎಂಥಾ ಮಾತು! ನನಗೆ ಹೊಳೆದೇ ಇರಲಿಲ್ಲ. ಇದನ್ನೂ ಪರೀಕ್ಷೆ ಮಾಡಬಹುದು: ಆ ಬಿಂದು ದಿನಕ್ಕೆ ಸುಮಾರು 1 ಡಿಗ್ರಿ ಪೂರ್ವಕ್ಕೆ ಸರಿಯುತ್ತೆ. ಜನವರಿ ಹೊತ್ತಿಗೆ ಕೃತ್ತಿಕೆಯಿಂದ 60 ಡಿಗ್ರಿ ದೂರ ಹೋಗಿರುತ್ತೆ. ಯಾರ ಹತ್ರ ಆದ್ರೂ ಜನವರಿ ಡೇಟಾ ಇದ್ಯಾ?

ಧಾರವಾಡ_ದುರ್ಬೀನು
ನನ್ನ ಕಡೆ ಅದ. ಜನವರಿ ಅಮಾವಾಸಿದ್ದು, 85 ಎಂಎಂ ಲೆನ್ಸು, ನಿಕಾನ್ ಬಾಡಿ. ಲೆನ್ಸು ಬ್ಯಾರೆ, ಕ್ಯಾಮೆರಾ ಬ್ಯಾರೆ, ಊರು ಬ್ಯಾರೆ. ಇವತ್ತು ರಾತ್ರಿ ಒಂದೊಂದು ಫ್ರೇಮಿಗೂ 1ನೇ ಡಿಗ್ರಿ ತಗದು ಸ್ಟ್ಯಾಕ್ ಮಾಡಿ ಹಾಕ್ತೀನಿ.

ಸೊನ್ನೆ_ಬಜೆಟ್
ವೇದಾವತಿ ಅಣ್ಣನ ಡೇಟಾ ಪ್ರೊಸೆಸ್ ಮಾಡಿದೆ! ಸ್ಟ್ಯಾಕ್ ಆದ ಫೈಲ್ ತಗೊಂಡು, ಸಿರಿಲ್‌ನಲ್ಲಿ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್, ಜನರಲೈಸ್ಡ್ ಹೈಪರ್ಬೋಲಿಕ್ ಸ್ಟ್ರೆಚ್, ಆಮೇಲೆ ಮೊಬೈಲ್ ಫೋಟೋ ಚೆಂದ ಮಾಡೋ ಒಂದು ಎಐ ಆ್ಯಪ್‌ನಲ್ಲಿ ಶಾರ್ಪ್ ಮಾಡಿದೆ. ಧೂಳಿನಲ್ಲಿ ಎಳೆ ಎಳೆ ಎಷ್ಟು ಚೆನ್ನಾಗಿ ಬಂತು ನೋಡಿ.

ಅಂಬಿಕಾ_ಮೂಡುಬಿದಿರೆ
ಶಾರ್ಪ್ ಮಾಡೋ ಮುಂಚಿನದು ಬಹಳ ಒಳ್ಳೇದಿದೆ ತಮ್ಮ, ಬಣ್ಣ ಅಂತೂ ನಮ್ಮೆಲ್ಲರಿಗಿಂತ ಸರಿ. ಆದ್ರೆ ಆ್ಯಪ್ ಕೊಟ್ಟ ಎಳೆಗಳು ಆಕಾಶದ್ದಲ್ಲ. ಬಲಗಡೆ ಮೂರನೇ ಎಳೆ ನೋಡು, ಕೂದಲಿನ ಹಾಗೆ ಸೀಳಿ ಸೀಳಿ ಇದೆ. ಮೂಲ ಸ್ಟ್ಯಾಕ್‌ನಲ್ಲಿ ಅಲ್ಲಿ ಬರೀ ನಾಯ್ಸ್. ಆ ಆ್ಯಪ್ ಕಲಿತಿರುವುದು ಮುಖ, ಕೂದಲು, ಎಲೆ, ಬಟ್ಟೆ. ಮಂಕು ಜಾಗದಲ್ಲಿ ತನಗೆ ಗೊತ್ತಿರುವುದನ್ನ ತುಂಬಿಸ್ತದೆ. ಖಗೋಳ ಚಿತ್ರಕ್ಕೆಂದೇ ಮಾಡಿದ ನಾಯ್ಸ್ ಟೂಲ್‌ನಲ್ಲೂ ಕೈ ಬಿಗಿ ಹಿಡಿದೇ ಬಳಸಬೇಕು. ಆ್ಯಪ್ ಹಂತ ಬಿಟ್ಟು ಮತ್ತೆ ಹಾಕು, ನಾನು ಅದನ್ನೇ ಎಲ್ಲರಿಗೂ ತೋರಿಸ್ತೇನೆ.

ರಾತ್ರಿಪಾಳಿ
ಇದಕ್ಕೇ ನಾನು ಮೊದಲಿಂದ ಹೆದರಿದ್ದು. ಮಂಕು ಜಾಗದಲ್ಲಿ ಏನು ಬಂದ್ರೂ ಚೆಂದ ಕಾಣುತ್ತೆ.

ಮೇಷ್ಟ್ರು_ಮೈಸೂರು
ದೊಡ್ಡವರಿಗೂ ಧೂಳು ಇಂಥ ಪರೀಕ್ಷೆ ಒಡ್ಡಿದೆ. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ, ವಿಶ್ವದ ಹುಟ್ಟಿನ ಕ್ಷಣದ ಗುರುತ್ವ ಅಲೆಗಳ ಗುರುತು ಸಿಕ್ಕಿತೆಂದು ಪ್ರಕಟಿಸಿತು. ಆಮೇಲೆ ಪ್ಲಾಂಕ್ ಉಪಗ್ರಹದ ಧೂಳಿನ ಅಳತೆ ಸೇರಿಸಿ ಎರಡೂ ತಂಡ ಕೂಡಿ 2015ರಲ್ಲಿ ನೋಡಿದಾಗ, ಆ ಸಂಕೇತಕ್ಕೆ ನಮ್ಮ ಆಕಾಶಗಂಗೆಯ ಧೂಳೇ ಸಾಕಷ್ಟು ಕಾರಣವಾಗಿತ್ತು. ಅವರಿಗೆ ಉತ್ತರ ಸಿಕ್ಕಿದ್ದೂ ಬೇರೆ ತರಂಗಾಂತರದಲ್ಲಿ ಬೇರೆ ಉಪಕರಣ ತೆಗೆದ ನಕ್ಷೆಯಿಂದ.

ಸೊನ್ನೆ_ಬಜೆಟ್
ಆ್ಯಪ್ ಇಲ್ಲದ್ದು ಹಾಕಿದೆ ಅಕ್ಕ. ಒಂದು ಅನುಮಾನ: ನನ್ನದರಲ್ಲಿ ಧೂಳು ಬೂದು ಜಾಸ್ತಿ, ಅಣ್ಣನದರಲ್ಲಿ ಕಂದು. ಯಾವುದು ಸರಿ?

ಫ್ಲಾಗ್‌ಸ್ಟಾಫ್_ಕನ್ನಡಿಗ
ನಿನ್ನದಕ್ಕೆ ಆಧಾರ ಇದೆ. ಫೋಟೋಮೆಟ್ರಿಕ್ ಕ್ಯಾಲಿಬ್ರೇಷನ್ ಅಂದ್ರೆ ಫ್ರೇಮಿನ ನಕ್ಷತ್ರಗಳ ಬಣ್ಣವನ್ನ ಕ್ಯಾಟಲಾಗ್ ಜೊತೆ ಹೋಲಿಸಿ ಸರಿ ಮಾಡೋದು. ವೇದಾವತಿ ಅವರು ಕಣ್ಣಳತೆಯಲ್ಲಿ ಬಣ್ಣ ಕೂರಿಸಿದ್ದಾರೆ ಅನಿಸುತ್ತೆ. ಆದ್ರೆ ಇನ್ನೊಂದು ಕಡೆ ನೋಡ್ಕೋ: ಹಿನ್ನೆಲೆ ತಟಸ್ಥ ಅಂತ ನೀನು ಆರಿಸಿದ ಚೌಕ ಧೂಳಿನ ಮೇಲೇ ಕೂತಿದ್ರೆ, ಧೂಳಿನ ಬಣ್ಣವೇ ಬೂದು ಅಂತ ತೀರ್ಮಾನ ಆಗಿ ಬಿಡುತ್ತೆ. ಐರಾಸ್‌ನಲ್ಲಿ ಕಪ್ಪಾಗಿ ಕಾಣೋ ಜಾಗ ಹುಡುಕಿ ಅಲ್ಲಿ ಚೌಕ ಇಡು.

ಸೊನ್ನೆ_ಬಜೆಟ್
ಚೌಕ ಬದಲಿಸಿದೆ. ಸ್ವಲ್ಪ ಕಂದು ವಾಪಸ್ ಬಂತು! ಅಣ್ಣನದರಷ್ಟು ಇಲ್ಲ.

ಕಾಜಾಣ_ಶಿರಸಿ
ಹಾನ್ಲೆಗೆ ಹೋದ್ರೆ ಇದೆಲ್ಲ ತಲೆನೋವೇ ಇಲ್ಲ ಅಲ್ವಾ? ಅಲ್ಲಿ 2022ರಲ್ಲೇ ಕತ್ತಲಾಕಾಶದ ರಕ್ಷಿತ ಪ್ರದೇಶ ಮಾಡಿದ್ದಾರಂತೆ.

ಅಂಬಿಕಾ_ಮೂಡುಬಿದಿರೆ
ಊರ ಬೆಳಕಿನ ತಲೆನೋವು ಇಲ್ಲ, ಗೆಗೆನ್‌ಶೈನ್ ಅಲ್ಲಿ ಇನ್ನೂ ಚೆನ್ನಾಗಿ ಕಾಣ್ತದೆ! ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದೇ ವೀಕ್ಷಣಾಲಯ ಅದು, 4500 ಮೀಟರ್ ಎತ್ತರ. ಆದ್ರೆ ದಕ್ಷಿಣದ ಧೂಳಿಗೆ ನಾವೇ ಮುಂದು. ಕೊರೋನಾ ಆಸ್ಟ್ರಾಲಿಸ್‌ನ ಧೂಳಿನ ಮೋಡ ಹಾನ್ಲೆಯಲ್ಲಿ ಹೆಚ್ಚೆಂದರೆ 20 ಡಿಗ್ರಿ ಏರ್ತದೆ, ನಮಗೆ 40. ಏಪ್ರಿಲ್ ಕೊನೆಯಲ್ಲಿ ನಸುಕಿನ ನಾಲ್ಕರ ಹೊತ್ತಿಗೆ ದಕ್ಷಿಣದಲ್ಲಿ ಒಳ್ಳೆ ಎತ್ತರದಲ್ಲಿ ಸಿಗ್ತದೆ, ಮಳೆಗಾಲಕ್ಕೆ ಮುಂಚೆ. ಜ್ಯೇಷ್ಠಾ ನಕ್ಷತ್ರದ ಸುತ್ತಿನ ಹಳದಿ ಧೂಳು, ಪಕ್ಕದ ರೋ ಒಫಿಯೂಕಿಯ ನೀಲಿ ಧೂಳು, ಅವೂ ಅದೇ ರಾತ್ರಿ ಮುಂಚೆಯೇ ಮೇಲೆ ಬಂದಿರ್ತವೆ.

ಧಾರವಾಡ_ದುರ್ಬೀನು
ಜನವರಿ ಡೇಟಾ ಮುಗೀತ್ರಿ. ವೇದಾವತಿಯವರ ಫ್ರೇಮಿಗೆ ಹೊಂದಿಸಿ, ಅಷ್ಟ ಭಾಗ ಕತ್ತರಿಸಿ ಪಕ್ಕಪಕ್ಕ ಇಟ್ಟೀನಿ. ದಪ್ಪ ಕವಲು: ಅದ, ಅದ ಆಕಾರ, ಅದ ಬಾಗು. ಸಣ್ಣ ಕವಲು: ಅದ, ಆದ್ರ ವೇದಾವತಿಯವರ ಚಿತ್ರದಾಗ ಇದ್ದಷ್ಟು ಉದ್ದ ಇಲ್ಲ, ತುದಿ ನನ್ನ ನಾಯ್ಸ್ ಒಳಗ ಮುಳಗೇದ. ನಡುವಿನ ಅಗಲ ಬೆಳಕು: ಇಲ್ಲೇ ಇಲ್ಲ. ಮೇಷ್ಟ್ರು ಹೇಳಿದ್ದ ಖರೆ.

ರಾತ್ರಿಪಾಳಿ
ಸಣ್ಣ ಕವಲಿನ ತುದಿ ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ವೇದಾವತಿ ಅವರೇ, ಫೋಟೋಶಾಪ್ ಅಂದ ಆ ವಾಟ್ಸಾಪ್ ಗುಂಪಿಗೆ ಈ ಮೂರು ಚಿತ್ರ ಪಕ್ಕಪಕ್ಕ ಕಳಿಸಿ.

ವೇದಾವತಿ_ದಂಡೆ
ಕಳಿಸ್ತೀನಿ. ಚಿತ್ರದ ಕೆಳಗೆ ಹೀಗೆ ಬರೆಯೋಣ ಅಂತಿದ್ದೀನಿ: ಒಟ್ಟು 4 ಗಂಟೆ, ಮಾಡಿಫೈ ಮಾಡದ ಕ್ಯಾಮೆರಾ, ಪ್ರತಿ ಫ್ರೇಮಿಗೆ 1ನೇ ಡಿಗ್ರಿ ಎಕ್ಸ್‌ಟ್ರ್ಯಾಕ್ಷನ್, ಕವಲುಗಳನ್ನ ಐರಾಸ್ ಮತ್ತು ಜನವರಿ ಡೇಟಾದ ಜೊತೆ ಹೋಲಿಸಿದೆ, ಅಗಲ ಬೆಳಕು ಗೆಗೆನ್‌ಶೈನ್. ಗೆಗೆನ್‌ಶೈನ್ ಕಳೆದು ಹಾಕಲ್ಲ, ಹಾಗೇ ಬಿಡ್ತೀನಿ.

ಧಾರವಾಡ_ದುರ್ಬೀನು
ಬಿಡ್ರಿ, ಬಿಡ್ರಿ. ಅದೂ ಧೂಳೇ. ಸಣ್ಣ ಕವಲಿನ ತುದಿಗೆ ನಿಮ್ಮ ಡೇಟಾ, ನನ್ನ ಡೇಟಾ ಎರಡೂ ಕೂಡಿಸಿ ಒಂದ ಸ್ಟ್ಯಾಕ್ ಮಾಡೋಣು. ನಿಮ್ಮ ಡ್ರೈವ್‌ನಾಗ ಡಾರ್ಕ್ಸ್ ಫೋಲ್ಡರ್ ಖಾಲಿ ಅದ, ನೋಡಿ ಇನ್ನೊಮ್ಮೆ ಏರಸ್ರಿ.

ವೇದಾವತಿ_ದಂಡೆ
ಏರಿಸ್ತಿದ್ದೀನಿ ಸರ್, ನಮ್ಮ ಹಳ್ಳಿ ನೆಟ್‌ವರ್ಕ್, ಬೆಳಿಗ್ಗೆ ಹೊತ್ತಿಗೆ ಪೂರ್ತಿ ಆಗಿರುತ್ತೆ.